ಕುಕೀ ಅಳಿಸಿದರೆ ಹಂಪಿಯ ರೂಮು ಅಗ್ಗವಾಗುತ್ತದೆಯೇ?

ಹಂಪಿಗೆ ಹೊರಡುವ ಯೋಚನೆ ಇರುವವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸಲಹೆ ಓಡಾಡುತ್ತದೆ. ಹೊಸಪೇಟೆಯ ರೂಮನ್ನೋ ರೈಲು ಟಿಕೆಟ್ಟನ್ನೋ ಫೋನಿನಲ್ಲಿ ಎರಡು ಮೂರು ಸಲ ಹುಡುಕಿದರೆ ವೆಬ್‌ಸೈಟ್ ನಿಮ್ಮ ಗುರುತು ಹಿಡಿದು ದರ ಏರಿಸುತ್ತದಂತೆ, ಕುಕೀ ಅಳಿಸಿ ನೋಡಿದರೆ ಹಳೇ ದರ ವಾಪಸ್ ಬರುತ್ತದಂತೆ. ಅದರ ಜೊತೆಗೇ ಇನ್ನೊಂದು: ಕುಕೀ ಎಂದರೆ ವೈರಸ್, ದಿನಾ ಅಳಿಸದಿದ್ದರೆ ಬ್ಯಾಂಕಿನ ದುಡ್ಡು ಹೋಗುತ್ತದೆ. ಎರಡರಲ್ಲೂ ಚೂರು ನಿಜವಿದೆ, ಉಳಿದದ್ದು ಗಾಳಿಮಾತು. ಆದರೆ ಇದನ್ನು ನಂಬಿ ಸೆಟ್ಟಿಂಗ್ಸ್‌ಗೆ ಕೈಹಾಕಿ, ಅಳಿಸಬಾರದ್ದನ್ನು ಅಳಿಸಿಬಿಟ್ಟರೆ ನಷ್ಟ ನಿಜವಾದದ್ದೇ.

ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಒಂದು ಟೋಕನ್ ಕೊಡುತ್ತಾರಲ್ಲ, ಕುಕೀ ಹಾಗೆ. ವೆಬ್‌ಸೈಟ್‌ಗೆ ತಾನಾಗಿ ನೆನಪಿರುವುದಿಲ್ಲ. ನೀವು ಪುಟ ಬದಲಿಸಿದಾಗಲೆಲ್ಲ ನೀವು ಅದಕ್ಕೆ ಹೊಸಬರೇ. ಅದಕ್ಕೇ ಅದು ನಿಮ್ಮ ಬ್ರೌಸರಿಗೆ ಒಂದು ಚೀಟಿ ಕೊಟ್ಟಿರುತ್ತದೆ. ಮುಂದಿನ ಸಲ ಬ್ರೌಸರ್ ಆ ಚೀಟಿ ತೋರಿಸಿದರೆ, ಇವರು ಈಗಾಗಲೇ ಲಾಗಿನ್ ಆದವರು ಎಂದು ಸೈಟ್ ಗುರುತಿಸುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಇದನ್ನು ರೂಪಿಸಿದರು. ಒಂದು ಕುಕೀ ಸಾಮಾನ್ಯವಾಗಿ 4 ಕೆಬಿ ಮೀರುವುದಿಲ್ಲ, ಬರೀ ಅಕ್ಷರ ಮತ್ತು ಅಂಕಿ. ತಾನಾಗಿ ಓಡುವ ಪ್ರೋಗ್ರಾಂ ಅಲ್ಲದ್ದರಿಂದ ಅದು ವೈರಸ್ ಅಲ್ಲ. ಆದರೆ ನಿಮ್ಮ ಟೋಕನ್ ಬೇರೆಯವರ ಕೈಗೆ ಸಿಕ್ಕರೆ ಚಪ್ಪಲಿಯೂ ಅವರದೇ ಆಗುತ್ತದೆ. ಫೋನಿಗೋ ಕಂಪ್ಯೂಟರಿಗೋ ನುಗ್ಗಿದ ಕಳ್ಳ ಸಾಫ್ಟ್‌ವೇರ್ ಲಾಗಿನ್ ಕುಕೀ ಕದ್ದರೆ ಪಾಸ್‌ವರ್ಡ್ ಇಲ್ಲದೆಯೂ ಖಾತೆಯ ಒಳಗೆ ಹೋಗಬಹುದು. ಗಾಳಿಮಾತಿನೊಳಗಿನ ನಿಜ ಇಷ್ಟೇ.

ಇನ್ನು ದರದ ವಿಷಯ. ಹೊಸಪೇಟೆಗೆ ಬರುವ ಹಂಪಿ ಎಕ್ಸ್‌ಪ್ರೆಸ್‌ನ ಸ್ಲೀಪರ್ ದರ ರೈಲ್ವೆ ನಿಗದಿ ಮಾಡಿದ್ದು, ನೀವು ಎಷ್ಟು ಸಲ ಹುಡುಕಿದಿರಿ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ನೀವು ಯೋಚಿಸುತ್ತ ಕೂತಾಗ ಬೇರೆಯವರು ಬುಕ್ ಮಾಡಿರುತ್ತಾರೆ, ಕೊನೆಗೆ ಉಳಿಯುವುದು ಹೆಚ್ಚು ದುಡ್ಡಿನ ತತ್ಕಾಲ್. ಪ್ರೀಮಿಯಂ ತತ್ಕಾಲ್‌ನಲ್ಲಂತೂ ಬೇಡಿಕೆ ಏರಿದಂತೆ ದರವೂ ಏರುತ್ತದೆ, ಎಲ್ಲರಿಗೂ ಏರುತ್ತದೆ. ಖಾಸಗಿ ಬಸ್ಸು, ರೂಮುಗಳದ್ದೂ ಅದೇ ಕಥೆ. ಹಂಪಿ ಉತ್ಸವ, ಡಿಸೆಂಬರ್ ರಜೆ, ತುಂಗಭದ್ರಾ ಅಣೆಕಟ್ಟಿನ ಗೇಟು ತೆರೆದ ವಾರಾಂತ್ಯ ಎಂದರೆ ಬೆಳಗಿನ ದರ ಸಂಜೆಗೆ ಇರುವುದಿಲ್ಲ.

ಹಾಗಾದರೆ ಕಂಪನಿಗಳು ಸಾಚಾ ಎಂದೇನೂ ನಾವು ಹೇಳುತ್ತಿಲ್ಲ. ಆಪಲ್ ಕಂಪ್ಯೂಟರ್‌ನಲ್ಲಿ ಹುಡುಕುವವರಿಗೆ ಆರ್ಬಿಟ್ಜ್ ಎಂಬ ಅಮೆರಿಕದ ಸೈಟ್ ದುಬಾರಿ ಹೋಟೆಲ್‌ಗಳನ್ನು ಮೇಲೆ ತೋರಿಸುತ್ತಿದೆ ಎಂದು 2012ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ವರದಿ ಮಾಡಿತ್ತು. ಅದೇ ರೂಮಿಗೆ ಬೇರೆ ದರ ಹಾಕಿರಲಿಲ್ಲ, ಪಟ್ಟಿಯ ಕ್ರಮವಷ್ಟೇ ಬೇರೆ. ಅದೂ ಕುಕೀಯಿಂದಲ್ಲ, ಯಾವ ಸಾಧನ ಎಂದು ಬ್ರೌಸರ್ ತಾನೇ ಹೇಳುತ್ತದೆ, ಕುಕೀ ಅಳಿಸಿದರೂ ಹೇಳುತ್ತದೆ. ಕೆಲವು ಸೈಟ್‌ಗಳು ಹೊಸ ಗ್ರಾಹಕರಿಗೆ ರಿಯಾಯಿತಿ ಕೊಡುತ್ತವೆ, ಕೆಲವು ಲಾಗಿನ್ ಆದವರಿಗೆ ಮಾತ್ರ ಕೊಡುತ್ತವೆ. ಎರಡನೇ ಬಗೆಯಲ್ಲಿ ಕುಕೀ ಅಳಿಸಿದರೆ ದರ ಜಾಸ್ತಿಯೇ ಕಾಣಬಹುದು! ಅನುಮಾನವಿದ್ದರೆ ಅದೇ ಹೊತ್ತಿಗೆ ಗೆಳೆಯರ ಫೋನಿನಲ್ಲಿ ಅದೇ ರೂಮು ನೋಡಿ. ಅದಕ್ಕಿಂತ ಒಳ್ಳೆಯದು, ಲಾಡ್ಜಿಗೇ ಫೋನ್ ಮಾಡಿ ಕೇಳಿ.

ಜಾಹೀರಾತು ಬೆನ್ನುಹತ್ತುವುದು ಮಾತ್ರ ನಿಜ. ಸಂಡೂರಿನ ಲಂಬಾಣಿ ಕಸೂತಿಯ ಚೀಲವೊಂದನ್ನು ಯಾವುದೋ ಅಂಗಡಿಯ ಸೈಟಿನಲ್ಲಿ ನೋಡುತ್ತೀರಿ, ಮರುದಿನ ಸುದ್ದಿ ಓದುವಾಗಲೂ ಅದೇ ಚೀಲ ಪಕ್ಕದಲ್ಲಿ ನಿಂತಿರುತ್ತದೆ. ಎರಡೂ ಕಡೆ ಒಂದೇ ಜಾಹೀರಾತು ಕಂಪನಿ ತನ್ನ ಚೀಟಿ ಇಟ್ಟಿರುವುದು ಇದಕ್ಕೆ ಮುಖ್ಯ ಕಾರಣ. ಇವೇ ಮೂರನೆಯವರ ಕುಕೀಗಳು. ಆಪಲ್‌ನ ಸಫಾರಿ ಬ್ರೌಸರ್ ಇವನ್ನು 2020ರಿಂದಲೇ ತಡೆಯುತ್ತಿದೆ. ಕ್ರೋಮ್‌ನಲ್ಲಿ ತೆಗೆದುಹಾಕುತ್ತೇವೆ ಎಂದು ಅದೇ ವರ್ಷ ಹೇಳಿದ್ದ ಗೂಗಲ್, 2024ರಲ್ಲಿ ಆ ಯೋಜನೆ ಕೈಬಿಟ್ಟಿತು. ಹಾಗಾಗಿ ಕ್ರೋಮ್ ಬಳಸುವವರು ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ ತಾವೇ ಬ್ಲಾಕ್ ಮಾಡಬೇಕು. ದಿನಾ ಎಲ್ಲವನ್ನೂ ಅಳಿಸುವುದಕ್ಕಿಂತ ಇದೊಂದು ಸಲದ ಕೆಲಸ ಮೇಲು.

ಪೂರ್ತಿ ಅಳಿಸಲೇಬೇಕೆಂದರೆ ಕ್ರೋಮ್‌ನ ಮೂರು ಚುಕ್ಕಿ ಒತ್ತಿ ‘ಬ್ರೌಸಿಂಗ್ ಡೇಟಾ ಅಳಿಸಿ’ ಎಂಬಲ್ಲಿಗೆ ಹೋಗಿ. ‘ಕುಕೀಗಳು ಮತ್ತು ಸೈಟ್ ಡೇಟಾ’ಕ್ಕೆ ಮಾತ್ರ ಟಿಕ್ ಇರಲಿ, ಸೇವ್ ಮಾಡಿದ ಪಾಸ್‌ವರ್ಡ್‌ಗಳ ಟಿಕ್ ತೆಗೆಯಿರಿ. ಇದಾದ ಮೇಲೆ ಬಹುತೇಕ ಸೈಟ್‌ಗಳಿಂದ ನೀವು ಹೊರಬಿದ್ದಿರುತ್ತೀರಿ. ಪಾಸ್‌ವರ್ಡ್ ನೆನಪಿಲ್ಲದೆ, ಖಾತೆಗೆ ಜೋಡಿಸಿದ ಹಳೇ ಸಿಮ್ಮೂ ಬಂದ್ ಆಗಿದ್ದರೆ ಮತ್ತೆ ಒಳಹೋಗಲು ಓಟಿಪಿಯೇ ಬರುವುದಿಲ್ಲ. ಮನೆಯ ಹಿರಿಯರ ಫೋನ್ ‘ಕ್ಲೀನ್’ ಮಾಡಿಕೊಡುವವರು ಮೊದಲು ಇದನ್ನು ವಿಚಾರಿಸಿಕೊಳ್ಳಿ. ಒಂದೇ ಸೈಟ್ ಸರಿಯಾಗಿ ತೆರೆಯುತ್ತಿಲ್ಲವೆಂದರೆ, ವಿಳಾಸದ ಪಕ್ಕದ ಚಿಹ್ನೆ ಒತ್ತಿ ಆ ಸೈಟಿನ ಕುಕೀಯನ್ನಷ್ಟೇ ಅಳಿಸಬಹುದು.

ಅದಕ್ಕಿಂತ ದೊಡ್ಡ ಎಡವಟ್ಟು ಫೋನಿನ ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಆಗುತ್ತದೆ. ಅಲ್ಲಿ ‘ಕ್ಲಿಯರ್ ಕ್ಯಾಶ್’ ಒತ್ತಿದರೆ ತೊಂದರೆಯಿಲ್ಲ. ಪಕ್ಕದ ‘ಕ್ಲಿಯರ್ ಸ್ಟೋರೇಜ್’ ಅಥವಾ ‘ಕ್ಲಿಯರ್ ಡೇಟಾ’ ಒತ್ತಿದರೆ ಆ ಆ್ಯಪ್ ಹೊಸದಾಗಿ ಹಾಕಿಕೊಂಡಂತೆ ಖಾಲಿ. ವಾಟ್ಸಾಪ್‌ಗೆ ಹೀಗೆ ಮಾಡಿದರೆ ಬ್ಯಾಕಪ್ ಇದ್ದಷ್ಟು ಚಾಟ್ ಮಾತ್ರ ಮರಳುತ್ತದೆ.

‘ನಿಮ್ಮ ಫೋನಿನಲ್ಲಿ ವೈರಸ್ ಇದೆ’ ಎಂದು ಗಂಟೆಗೊಮ್ಮೆ ಬರುವ ನೋಟಿಫಿಕೇಶನ್‌ಗೂ ಕುಕೀ ಅಳಿಸುವುದು ಮದ್ದಲ್ಲ. ಯಾವುದೋ ಸೈಟ್ ಕೇಳಿದಾಗ ‘ಅಲೋ’ ಒತ್ತಿರುತ್ತೀರಿ, ಸೈಟ್ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ ಪಟ್ಟಿಯಲ್ಲಿ ಆ ಸೈಟನ್ನು ಬ್ಲಾಕ್ ಮಾಡಿದರೆ ನಿಲ್ಲುತ್ತದೆ. ದುಡ್ಡು ಹೋಗುವ ದಾರಿಗಳೂ ಬೇರೆ: ಓಟಿಪಿ ಹೇಳುವುದು, ಮದುವೆ ಕಾರ್ಡ್ ಎಂದೋ ಟ್ರಾಫಿಕ್ ದಂಡ ಎಂದೋ ಬಂದ ಎಪಿಕೆ ಫೈಲ್ ಇನ್‌ಸ್ಟಾಲ್ ಮಾಡುವುದು. ಹೋಯಿತೆಂದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ.

ಕುಕೀ ಅಳಿಸುವುದು ನಿಜಕ್ಕೂ ಮುಖ್ಯವಾಗುವುದು ಹತ್ತು ಜನ ಬಳಸುವ ಕಂಪ್ಯೂಟರಿನಲ್ಲಿ. ಕಂಪ್ಲಿಯ ಆನ್‌ಲೈನ್ ಸೆಂಟರಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಲು ನಿಮ್ಮ ಇಮೇಲ್ ತೆರೆದು, ಟ್ಯಾಬ್ ಮುಚ್ಚಿ ಎದ್ದು ಬಂದರೆ ನಿಮ್ಮ ಟೋಕನ್ ಅಲ್ಲೇ ಉಳಿದಿರುತ್ತದೆ. ಶುರುವಿನಲ್ಲೇ ಇನ್‌ಕಾಗ್ನಿಟೊ ಕಿಟಕಿ ತೆರೆಯಲು ಹೇಳಿ, ಕೆಲಸ ಮುಗಿದ ಮೇಲೆ ಲಾಗೌಟ್ ಆಗಿ, ಇನ್‌ಕಾಗ್ನಿಟೊ ಕಿಟಕಿಗಳನ್ನೆಲ್ಲ ಮುಚ್ಚಿಸಿ. ಡೌನ್‌ಲೋಡ್ ಮಾಡಿದ ಆಧಾರ್, ಅಂಕಪಟ್ಟಿಗಳು ಮಾತ್ರ ಇದರಿಂದ ಅಳಿಯುವುದಿಲ್ಲ, ಅವನ್ನು ಫೋಲ್ಡರಿನಿಂದ ಬೇರೆಯಾಗಿಯೇ ತೆಗೆಸಬೇಕು.