ರೋಟರ್‌ಡ್ಯಾಮ್: ಮೂರು ಮೀಟರಿನ ಲೆಕ್ಕ

ಬೆಳಗಿನ ಐದು ಗಂಟೆಗೆ ಡೆಕ್ಕಿಗೆ ಬಂದಾಗ ನಮ್ಮ ಹಡಗು ಕಡಲು ಬಿಟ್ಟು ಹುಕ್ ಫಾನ್ ಹೊಲಾಂಡ್ ಬಳಿ ಕಾಲುವೆಯೊಳಗೆ ಆಗಷ್ಟೇ ಹೊಕ್ಕಿತ್ತು. ಇನ್ನೇನು ರೋಟರ್‌ಡ್ಯಾಮ್ ಬಂದೇ ಬಿಟ್ಟಿತು ಎಂದು ಕಟಕಟೆ ಹಿಡಿದು ನಿಂತೆ. ಊರು ಸಿಗುವಾಗ ಸುಮಾರು ಎರಡು ಗಂಟೆ ಕಳೆದಿತ್ತು. ಅಷ್ಟು ಹೊತ್ತೂ ಬಲದಂಡೆಯ ಆಚೆ ಕಂಡದ್ದು ಒಂದೇ, ಬಂದರು. ಎಣ್ಣೆ ಟ್ಯಾಂಕುಗಳು, ಕ್ರೇನುಗಳು, ಚಿಮಣಿಗಳು, ಗಾಳಿಯಂತ್ರಗಳು, ಮತ್ತೆ ಎಣ್ಣೆ ಟ್ಯಾಂಕುಗಳು. ಕಡಲಂಚಿನಿಂದ ಊರಿನ ಒಳಗಿನ ತನಕ 40 ಕಿಲೋಮೀಟರ್ ಉದ್ದಕ್ಕೆ ಅದು ಚಾಚಿಕೊಂಡಿದೆ. ಒಂದು ಬಂದರನ್ನು ದಾಟುವುದೇ ಒಂದು ಪ್ರಯಾಣವಾಗಬಹುದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ನಾನು ನೋಡುತ್ತಾ ಬೆಳೆದದ್ದು ಪಣಂಬೂರಿನ ಬಂದರನ್ನು. ಅಲ್ಲಿ ಹೊರಗೆ ಲಂಗರು ಹಾಕಿ ಸರದಿ ಕಾಯುವ ಹಡಗುಗಳೇ ನನಗೆ ದೊಡ್ಡದೆಂಬುದರ ಅಳತೆ. ಆ ನವಮಂಗಳೂರು ಬಂದರು ವರ್ಷಕ್ಕೆ ಸಾಗಿಸುವುದು ಸುಮಾರು ನಾಲ್ಕೂವರೆ ಕೋಟಿ ಟನ್ ಸರಕು. ರೋಟರ್‌ಡ್ಯಾಮಿನಲ್ಲಿ 2024ರಲ್ಲಿ ಏರಿ ಇಳಿದದ್ದು 43 ಕೋಟಿ ಟನ್ನಿಗೂ ಹೆಚ್ಚು. ಕೋಟಿಗಳಲ್ಲಿ ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲ. ದಿನದ ಲೆಕ್ಕಕ್ಕೆ ಇಳಿಸೋಣ: ಹತ್ತಿರ ಹತ್ತಿರ 12 ಲಕ್ಷ ಟನ್. ಹತ್ತು ಟನ್ನಿನ ಲಾರಿಗಳಿಗೆ ತುಂಬಿದರೆ 1 ಲಕ್ಷ 20 ಸಾವಿರ ಲಾರಿ ಬೇಕು. ಒಂದಕ್ಕೊಂದು ತಾಗಿಸಿ ನಿಲ್ಲಿಸಿ, ಲಾರಿಗೆ ಹತ್ತು ಮೀಟರ್ ಹಿಡಿದರೂ ಸಾಲು ಬೆಂಗಳೂರಿನಿಂದ ಹೊರಟು ಮುಂಬಯಿಯನ್ನೂ ಮೀರಿ ಹೋಗುತ್ತದೆ. ಇದು ಒಂದು ದಿನದ್ದು. ನಾಳೆ ಇನ್ನೊಂದು ಸಾಲು.

ಕಂಟೇನರುಗಳದ್ದು ಬೇರೆಯೇ ಲೆಕ್ಕ. ಅದೇ ವರ್ಷ ಇಲ್ಲಿ ಸಾಗಿದ ಪೆಟ್ಟಿಗೆಗಳು, ಇಪ್ಪತ್ತಡಿಯ ಅಳತೆಯಲ್ಲಿ ಎಣಿಸಿದರೆ, 1 ಕೋಟಿ 38 ಲಕ್ಷದಷ್ಟು. ಉದ್ದಕ್ಕೆ ಜೋಡಿಸಿಟ್ಟರೆ ಭೂಮಿಗೆ ಎರಡು ಸುತ್ತು ಬಂದು ಇನ್ನೂ ಉಳಿಯುತ್ತವೆ. ಕಡಲ ಹಡಗುಗಳು ವರ್ಷಕ್ಕೆ 28 ಸಾವಿರದಷ್ಟು. ಹಗಲು ರಾತ್ರಿ ಎನ್ನದೆ ಹತ್ತೊಂಬತ್ತು ನಿಮಿಷಕ್ಕೊಂದು. ರೈನ್ ನದಿಯಲ್ಲಿ ಜರ್ಮನಿಗೂ ಸ್ವಿಟ್ಜರ್ಲೆಂಡಿಗೂ ಹೋಗಿ ಬರುವ ಬಾರ್ಜುಗಳು ಇದರಲ್ಲಿ ಸೇರಿಲ್ಲ. ದಾರಿಯಲ್ಲಿ ಸಿಗುವ ಪೆರ್ನಿಸ್‌ನ ತೈಲಾಗಾರವೊಂದೇ ದಿನಕ್ಕೆ 4 ಲಕ್ಷ ಬ್ಯಾರೆಲ್‌ನಷ್ಟು ಕಚ್ಚಾ ಎಣ್ಣೆ ಸಂಸ್ಕರಿಸಬಲ್ಲದು. 1962ರಿಂದ 2004ರವರೆಗೆ ಇದೇ ಜಗತ್ತಿನ ಅತಿ ದೊಡ್ಡ ಬಂದರು. ಆಮೇಲೆ ಸಿಂಗಾಪುರ, ಶಾಂಘೈಗಳು ಮುಂದೆ ಹೋದವು. ಆದರೂ ಯೂರೋಪಿನಲ್ಲಿ ಇದಕ್ಕೆ ಸಾಟಿಯಿಲ್ಲ.

ಹಡಗು ನಿಂತದ್ದು ವಿಲ್ಹೆಲ್ಮಿನಾ ಪಿಯರ್‌ನಲ್ಲಿ. ಇಳಿದ ಮೇಲೆ ಗೊತ್ತಾಯಿತು, ನಾವು ಕಾಲಿಟ್ಟದ್ದು ಬಂದರು ಬಿಟ್ಟು ಹೋದ ಜಾಗದಲ್ಲಿ. ಹಡಗುಗಳು ದೊಡ್ಡದಾದಂತೆ ಬಂದರು ಆಳ ಹುಡುಕುತ್ತಾ ದಶಕದಿಂದ ದಶಕಕ್ಕೆ ಕಡಲಿನತ್ತ ಸರಿದಿದೆ. ಊರಿನೊಳಗಿನ ಹಳೆಯ ಧಕ್ಕೆಗಳು ಖಾಲಿಯಾಗಿವೆ. ಪಿಯರ್‌ನ ತುದಿಯಲ್ಲಿರುವ ಹೋಟೆಲ್ ನ್ಯೂಯಾರ್ಕ್ ಒಂದು ಕಾಲಕ್ಕೆ ಹಾಲೆಂಡ್-ಅಮೆರಿಕ ಲೈನ್ ಕಂಪನಿಯ ಮುಖ್ಯ ಕಚೇರಿ. ಲಕ್ಷಾಂತರ ಬಡವರು ಗಂಟುಮೂಟೆ ಕಟ್ಟಿಕೊಂಡು ಅಮೆರಿಕಕ್ಕೆ ಹೊರಟದ್ದು ಇದೇ ಧಕ್ಕೆಯಿಂದ. ಅವರು ಹಿಂತಿರುಗಿ ನೋಡುತ್ತಾ ಹತ್ತಿದ ಜಾಗದಲ್ಲಿ ನಾವು ಸೂಟ್‌ಕೇಸನ್ನೂ ಹಡಗಿನಲ್ಲೇ ಬಿಟ್ಟು, ಒಂದು ಹಗಲು ಸುತ್ತಿ ಬರಲೆಂದು ಇಳಿದೆವು. ಪಕ್ಕದಲ್ಲೇ 2013ರಲ್ಲಿ ಮುಗಿದ ಡೆ ರೋಟರ್‌ಡ್ಯಾಮ್ ಎಂಬ ಕಟ್ಟಡ, 44 ಮಹಡಿ. ಅದರಾಚೆ 802 ಮೀಟರ್ ಉದ್ದದ ಎರಾಸ್ಮಸ್ ಸೇತುವೆ. ಅದರ ಬಿಳಿ ಕಂಬ 139 ಮೀಟರ್ ಎತ್ತರಕ್ಕೆ ಬಾಗಿ ನಿಂತಿದೆ.

ಸೇತುವೆ ದಾಟಿ ಊರಿನೊಳಗೆ ನಡೆದರೆ ಎಲ್ಲವೂ ಹೊಸತು. ಯೂರೋಪಿನ ಹಳೆಯ ಊರು ನೋಡಲು ಬಂದವರಿಗೆ ಇದು ವಿಚಿತ್ರವೆನಿಸುತ್ತದೆ. ಕಾರಣ ಒಂದು ಸಣ್ಣ ಸಂಖ್ಯೆಯಲ್ಲಿದೆ. 1940ರ ಮೇ 14ರಂದು ಜರ್ಮನ್ ವಿಮಾನಗಳು ಬಾಂಬು ಸುರಿಸಿದ್ದು ಸುಮಾರು ಹದಿನೈದು ನಿಮಿಷ, ಅಷ್ಟೇ. ಆಮೇಲೆ ಬೆಂಕಿ. ನೂರಾರು ಜನ ಸತ್ತರು, 25 ಸಾವಿರದಷ್ಟು ಮನೆಗಳು ಹೋದವು, 80 ಸಾವಿರ ಮಂದಿಗೆ ತಲೆಯ ಮೇಲೆ ಸೂರಿಲ್ಲದಾಯಿತು. ಬೆಂಕಿ ಎಲ್ಲಿಯವರೆಗೆ ಬಂದು ನಿಂತಿತೋ ಆ ಗೆರೆಯನ್ನು ನೆಲದಲ್ಲಿ ಹುದುಗಿಸಿದ ದೀಪಗಳಿಂದ ಗುರುತಿಸಿದ್ದಾರೆ. ಸುಮಾರು 12 ಕಿಲೋಮೀಟರ್ ಸುತ್ತಳತೆ. ಅಂಥ ಒಂದು ದೀಪದ ಬಳಿ ನಿಂತು ಆಚೀಚೆ ನೋಡಿದೆ. ಒಂದು ಕಡೆ ಹಳೆಯ ಇಟ್ಟಿಗೆಯ ಮನೆ, ಇನ್ನೊಂದು ಕಡೆ ಗಾಜು. ಸೈಕಲ್ಲಿನವರು ಸರಾಗವಾಗಿ ಅದರ ಮೇಲೆ ಹಾದು ಹೋಗುತ್ತಿದ್ದರು.

ಮಾರ್ಕ್‌ಟ್‌ಹಾಲ್ ಎಂಬ ಮಾರುಕಟ್ಟೆ, ಓರೆಯಾಗಿ ನಿಂತ ಹಳದಿ ಘನಾಕಾರದ ಮನೆಗಳು, ಎಲ್ಲವನ್ನೂ ನೋಡಿದೆ. ಆದರೆ ನನ್ನ ಮನಸ್ಸು ಬೆಳಿಗ್ಗೆ ಕಾಲುವೆ ಹೊಕ್ಕ ಹೊಸತರಲ್ಲೇ ಕಂಡ ಇನ್ನೊಂದರ ಮೇಲಿತ್ತು. ಸಂಜೆ ಹಡಗು ಹೊರಟಾಗ ಅದು ಬರುವವರೆಗೂ ಡೆಕ್ ಬಿಟ್ಟು ಕದಲಲಿಲ್ಲ.

ಮಾಸ್ಲಾಂಟ್‌ಕೇರಿಂಗ್. ಕಾಲುವೆ ಅಲ್ಲಿ 360 ಮೀಟರ್ ಅಗಲ. ಎರಡೂ ದಂಡೆಯಲ್ಲಿ ಒಂದೊಂದು ಉಕ್ಕಿನ ಬಾಗಿಲು, ಒಂದೊಂದೂ 210 ಮೀಟರ್ ಉದ್ದ, ಏಳು ಮಹಡಿ ಎತ್ತರ. ಹಿಡಿದಿರುವ ತೋಳುಗಳು 237 ಮೀಟರ್. ನಮ್ಮ ಭುಜದ ಕೀಲಿನ ಹಾಗೆ ಆ ತೋಳು ತಿರುಗುವುದು ಒಂದು ಉಕ್ಕಿನ ಗುಂಡಿನ ಮೇಲೆ; ಅದರ ಅಡ್ಡಳತೆ 10 ಮೀಟರ್, ತೂಕ 680 ಟನ್. ಬಿರುಗಾಳಿಗೆ ಕಡಲು ಉಕ್ಕಿದಾಗ ಬಾಗಿಲುಗಳು ತೇಲಿಕೊಂಡು ನಡುನೀರಿಗೆ ಬಂದು ಸೇರುತ್ತವೆ, ಟೊಳ್ಳಾದ ಒಡಲಿಗೆ ನೀರು ತುಂಬಿಕೊಂಡು ತಳಕ್ಕೆ ಇಳಿದು ಕೂರುತ್ತವೆ. ಮುಚ್ಚಬೇಕೋ ಬೇಡವೋ ಎಂದು ನಿರ್ಧರಿಸುವುದು ಕಂಪ್ಯೂಟರ್. ರೋಟರ್‌ಡ್ಯಾಮಿನಲ್ಲಿ ನೀರು ಸಾಮಾನ್ಯ ಮಟ್ಟಕ್ಕಿಂತ ಮೂರು ಮೀಟರ್ ಏರುವ ಸೂಚನೆ ಕಂಡರೆ ಸಾಕು.

ಮೂರು ಮೀಟರ್! ಇಷ್ಟು ಹೊತ್ತು ಕೋಟಿಗಳನ್ನು ಎಣಿಸಿದವನಿಗೆ ಎದೆಗೆ ತಾಗಿದ್ದು ಇದು. ನಮ್ಮ ಮನೆಯ ಒಂದು ಕೋಣೆಯ ಎತ್ತರವದು. 1953ರ ಫೆಬ್ರವರಿ 1ರ ನಸುಕಿನಲ್ಲಿ ಕಡಲು ನುಗ್ಗಿ ಈ ದೇಶದಲ್ಲಿ 1,836 ಜನರನ್ನು ಕೊಂಡೊಯ್ದಿತ್ತು. ರೋಟರ್‌ಡ್ಯಾಮಿನ ಮಗ್ಗುಲಲ್ಲೇ ಸಮುದ್ರಮಟ್ಟಕ್ಕಿಂತ 6.76 ಮೀಟರ್ ತಗ್ಗಿನಲ್ಲಿರುವ ನೆಲವಿದೆ. ಆ ನೆಲದ ಮೇಲೆ ಜನ ಹುಲ್ಲು ಬೆಳೆಸುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. 1997ರಲ್ಲಿ ಈ ಬಾಗಿಲು ಸಿದ್ಧವಾಯಿತು. ಬಿರುಗಾಳಿಗೆ ಮೊದಲ ಸಲ ಮುಚ್ಚಿದ್ದು 2007ರ ನವೆಂಬರಿನಲ್ಲಿ. 2023ರ ಡಿಸೆಂಬರ್ 21ರಂದು ನೀರೇರುವುದನ್ನು ಲೆಕ್ಕ ಹಾಕಿ ಯಂತ್ರ ತಾನಾಗಿಯೇ ಮುಚ್ಚಿಕೊಂಡಿತು. ಉಳಿದ ದಿನಗಳಲ್ಲಿ ಎರಡು ಬಾಗಿಲೂ ದಂಡೆಯಲ್ಲಿ ಸುಮ್ಮನೆ ಕಾಯುತ್ತಿರುತ್ತವೆ. ವರ್ಷಕ್ಕೊಮ್ಮೆ ಪರೀಕ್ಷೆಗೆಂದು ಮುಚ್ಚುವಾಗ ಜನ ಜಾತ್ರೆಗೆ ಸೇರಿದ ಹಾಗೆ ನೋಡಲು ಬರುತ್ತಾರಂತೆ. ನಾನೂ ಅವರಲ್ಲೊಬ್ಬನಾಗಿ ನಿಲ್ಲಬೇಕು, ಆ ಬಾಗಿಲು ಕೂಡುವುದನ್ನು ನೋಡಬೇಕು ಎನಿಸಿತು.

ಕತ್ತಲಾಗುವ ಮುನ್ನ ಎಡಗಡೆ ಕೊನೆಗೆ ಕಂಡ ನೆಲ ಮಾಸ್‌ಫ್ಲಾಕ್ಟೆ. ಅದರ ಹೊಸ ಭಾಗ 2008ರವರೆಗೆ ಅಲೆಯಾಡುತ್ತಿದ್ದ ಕಡಲು. ಐದು ವರ್ಷದಲ್ಲಿ ಕಡಲ ತಳದಿಂದ 24 ಕೋಟಿ ಘನಮೀಟರ್ ಮರಳು ಹೀರಿ ತಂದು ಸುರಿದರು. ಟಿಪ್ಪರ್‌ಗೆ ಹತ್ತು ಘನಮೀಟರಿನಂತೆ 2 ಕೋಟಿ 40 ಲಕ್ಷ ಲೋಡು. ಬಂದರಿಗೆ 2,000 ಹೆಕ್ಟೇರ್ ಸೇರಿತು. ಈಗ 400 ಮೀಟರ್ ಉದ್ದದ ಹಡಗುಗಳು ಅಲ್ಲಿಗೆ ಬರುತ್ತವೆ, ಚಾಲಕರಿಲ್ಲದ ಗಾಡಿಗಳು ಪೆಟ್ಟಿಗೆ ಹೊತ್ತು ಓಡಾಡುತ್ತವೆ. ಆ ಮರಳಿನ ಜೊತೆ ಮೇಲೆ ಬಂದದ್ದು ಮ್ಯಾಮತ್ ಆನೆಗಳ ಎಲುಬು, ಹಲ್ಲು. ಹಿಮಯುಗದಲ್ಲಿ ಈ ಕಡಲು ಹುಲ್ಲುಗಾವಲಾಗಿತ್ತು. ಕ್ರೇನುಗಳ ಆಚೆಗಿನ ದಂಡೆಯಲ್ಲಿ ಮಕ್ಕಳು ಈಗಲೂ ಬಗ್ಗಿ ಬಗ್ಗಿ ಅವನ್ನು ಹೆಕ್ಕುತ್ತಾರೆ.