ಹೊಗೆಯ ಬೆಲೆ ಯಾರ ಜೇಬಿನಿಂದ?

ಕಲ್ಲಿದ್ದಲು, ಗಣಿ, ಇಂಗಾಲದ ತೆರಿಗೆ ಎಂದ ಕೂಡಲೇ ‘ಅದು ದಿಲ್ಲಿಯಲ್ಲಿ ಕೂತವರ ವಿಷಯ, ನಮಗೆಂತ?’ ಎಂದು ನಾವು ಪೇಪರಿನ ಪುಟ ತಿರುಗಿಸಿ ಬಿಡುತ್ತೇವೆ. ಆದರೆ ಪಣಂಬೂರಿನ ಬಂದರನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಕುದುರೆಮುಖದ ಅದಿರು ಕೊಳವೆಯಲ್ಲಿ ಹರಿದು ಬಂದದ್ದು ಅಲ್ಲಿಗೆ. ಬಳ್ಳಾರಿ-ಹೊಸಪೇಟೆಯ ಅದಿರು ಲಾರಿಗಳಲ್ಲಿ ಶಿರಾಡಿ ಘಾಟಿ ಇಳಿದು ಬಂದದ್ದೂ ಅಲ್ಲಿಗೆ. ವಿದೇಶದ ಕಲ್ಲಿದ್ದಲು ಹಡಗಿನಿಂದ ಇಳಿದು ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರಕ್ಕೆ ರೈಲಿನಲ್ಲಿ ಹೋಗುವುದೂ ಅಲ್ಲಿಂದಲೇ. ನಮ್ಮ ಜಮಾಅತ್‌ಗಳಲ್ಲಿ ಅದಿರಿನ ಲಾರಿ ಓಡಿಸಿದವರಿದ್ದಾರೆ, ಕ್ಲೀನರ್ ಆಗಿ ದುಡಿದವರಿದ್ದಾರೆ. ಹಾಗಿರುವಾಗ ಈ ಚರ್ಚೆ ನಮ್ಮದಲ್ಲ ಎಂದು ಹೇಳುವುದು ಹೇಗೆ?

ಮೊದಲು ಈ ‘ಇಂಗಾಲಕ್ಕೆ ಬೆಲೆ’ ಎಂದರೆ ಎಂತ ಎಂದು ನೋಡೋಣ. ಒಂದು ಟನ್ ಒಳ್ಳೆಯ ಕಲ್ಲಿದ್ದಲು ಸುಟ್ಟರೆ ಎರಡು ಟನ್‌ಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸುಟ್ಟವನಿಗೆ ವಿದ್ಯುತ್ ಸಿಕ್ಕಿತು, ಲಾಭ ಸಿಕ್ಕಿತು. ಮಳೆ ಏರುಪೇರಾಗಿ ತೋಟ ಹಾಳಾದವನಿಗೆ, ಕಡಲು ಮುಂದೆ ಬಂದು ಮನೆ ಕಳಕೊಂಡವನಿಗೆ ಸಿಕ್ಕಿದ್ದು ನಷ್ಟ ಮಾತ್ರ. ಆ ನಷ್ಟದ ಒಂದು ಪಾಲನ್ನಾದರೂ ಸುಟ್ಟವನ ಲೆಕ್ಕಕ್ಕೇ ಬರೆಯಬೇಕು ಎನ್ನುವುದೇ ಇದರ ಹಿಂದಿರುವ ವಿಚಾರ. ಕೆಲವು ದೇಶಗಳು ಟನ್‌ಗೆ ಇಷ್ಟು ಎಂದು ತೆರಿಗೆ ಹಾಕುತ್ತವೆ. ಫಿನ್ಲೆಂಡ್ 1990ರಲ್ಲೇ ಇದನ್ನು ಶುರು ಮಾಡಿತು. ಯುರೋಪ್ ಒಕ್ಕೂಟ 2005ರಿಂದ ಕಾರ್ಖಾನೆಗಳಿಗೆ ಮಿತಿ ಹಾಕಿ, ಮಿತಿಗಿಂತ ಹೆಚ್ಚು ಹೊಗೆ ಬಿಡುವವರು ಮಾರುಕಟ್ಟೆಯಲ್ಲಿ ಪರವಾನಿಗೆ ಕೊಂಡುಕೊಳ್ಳುವಂತೆ ಮಾಡಿದೆ.

ಕೇಳಲು ಚಂದ ಇದೆ. ಆದರೆ ಜನ ಒಪ್ಪುತ್ತಾರಾ? ಗಣಿಗಾರಿಕೆಯೇ ದೊಡ್ಡ ಆದಾಯವಾಗಿರುವ ಆಸ್ಟ್ರೇಲಿಯಾ 2012ರ ಜುಲೈ 1ರಿಂದ ಟನ್‌ಗೆ 23 ಡಾಲರ್ ಬೆಲೆ ನಿಗದಿ ಮಾಡಿತು. ಬಂದ ಹಣದ ಅರ್ಧಕ್ಕೂ ಹೆಚ್ಚು ಪಾಲನ್ನು ಮನೆಮಂದಿಗೆ ನೆರವಾಗಿ ಕೊಡುವ ಏರ್ಪಾಡೂ ಇತ್ತು. ಆದರೂ ‘ಕರೆಂಟ್ ಬಿಲ್ ಏರಿಸಿದ ತೆರಿಗೆ’ ಎಂಬ ಒಂದೇ ಮಾತಿನ ಮೇಲೆ ಚುನಾವಣೆ ನಡೆಯಿತು, ಸರಕಾರ ಬದಲಾಯಿತು, 2014ರಲ್ಲಿ ಆ ಕಾನೂನೇ ರದ್ದಾಯಿತು. ಕೆನಡಾದಲ್ಲಿಯೂ ಕುಟುಂಬಗಳಿಗೆ ಹಣ ವಾಪಸ್ ಕೊಡುತ್ತಿದ್ದರು. ಹಾಗಿದ್ದರೂ ಜನಸಾಮಾನ್ಯರ ಇಂಧನದ ಮೇಲಿನ ತೆರಿಗೆಯನ್ನು 2025ರ ಏಪ್ರಿಲ್ 1ರಿಂದ ನಿಲ್ಲಿಸಬೇಕಾಯಿತು. ಪೆಟ್ರೋಲ್ ಪಂಪಿನಲ್ಲಿ ಕೊಡುವ ಹಣ ಕಣ್ಣಿಗೆ ಕಾಣುತ್ತದೆ. ಖಾತೆಗೆ ಬರುವ ಹಣ ಅಷ್ಟು ನೆನಪಿರುವುದಿಲ್ಲ ಅಲ್ವಾ?

ನಮ್ಮ ದೇಶದಲ್ಲೂ ಇಂಥದ್ದೊಂದು ತೆರಿಗೆ ಇತ್ತು ಎಂದರೆ ಹೆಚ್ಚಿನವರಿಗೆ ಆಶ್ಚರ್ಯ ಆಗಬಹುದು. 2010ರಲ್ಲಿ ಪ್ರತಿ ಟನ್ ಕಲ್ಲಿದ್ದಲಿಗೆ 50 ರೂಪಾಯಿ ಸೆಸ್ ಹಾಕಲಾಯಿತು. 2014ರಲ್ಲಿ ಅದು 100 ಆಯಿತು, 2015ರಲ್ಲಿ 200, 2016ರಲ್ಲಿ 400. ಹಣ ಶುದ್ಧ ಇಂಧನದ ನಿಧಿಗೆ ಹೋಗಬೇಕೆಂದು ಉದ್ದೇಶ. ಆದರೆ ಸಂಗ್ರಹವಾದದ್ದರಲ್ಲಿ ದೊಡ್ಡ ಭಾಗ ಆ ಕೆಲಸಕ್ಕೆ ಬಳಕೆಯಾಗಲೇ ಇಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಅದೇ 400 ರೂಪಾಯಿ ರಾಜ್ಯಗಳ ನಷ್ಟ ತುಂಬಿಕೊಡುವ ಸೆಸ್ ಆಗಿ ಬದಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಸೆಸ್ಸೂ ಹೋಯಿತು. ಕಲ್ಲಿದ್ದಲಿನ ಜಿಎಸ್‌ಟಿ ಶೇ. 5ರಿಂದ ಶೇ. 18ಕ್ಕೆ ಏರಿತು. ಪರಿಸರದ ಹೆಸರಿನಲ್ಲಿ ಶುರುವಾದ ವಸೂಲಿ ಸಾಮಾನ್ಯ ತೆರಿಗೆಯಾಗಿ ಮುಗಿಯಿತು. ತೆರಿಗೆ ಹಾಕಿದ್ದು ತಪ್ಪು ಎಂದು ನಾವು ಹೇಳುವುದಿಲ್ಲ. ಯಾವ ಹೆಸರಿನಲ್ಲಿ ಹಣ ಎತ್ತಿದರೋ ಆ ಕೆಲಸಕ್ಕೆ ಅದು ಮುಟ್ಟಬೇಕು. ಮಸೀದಿ ರಿಪೇರಿಗೆಂದು ಎತ್ತಿದ ಚಂದಾ ಹಣವನ್ನು ಕಮಿಟಿಯವರು ಬೇರೆ ಯಾವುದಕ್ಕೋ ಹಾಕಿದರೆ ನಾವು ಸುಮ್ಮನಿರುತ್ತೇವಾ?

ಇನ್ನು ಗಣಿಯ ವಿಷಯ. ಕುದುರೆಮುಖದ ಗುತ್ತಿಗೆ 1969ರಿಂದ 30 ವರ್ಷದ್ದು, ಅದು 1999ರಲ್ಲಿ ಮುಗಿಯಿತು. ಭದ್ರಾ ನದಿಗೆ ಹೂಳು ತುಂಬುತ್ತಿದೆ, ರಾಷ್ಟ್ರೀಯ ಉದ್ಯಾನದ ಮಳೆಕಾಡು ಹಾಳಾಗುತ್ತಿದೆ ಎಂದು ಹೋರಾಟ ನಡೆದು, 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡು ಉಳಿಯಿತು, ನಿಜ. ಆದರೆ ಅದನ್ನೇ ನಂಬಿದ್ದ ಟೌನ್‌ಶಿಪ್ ಖಾಲಿಯಾಯಿತು. ಅದಿರು ತೆಗೆದ ಮೇಲೆ ಉಳಿದ ಹೂಳು ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟಿನ ಹಿಂದೆ ಇವತ್ತಿಗೂ ಇದೆ. ಅದಿರು ಮಾರಿದ ಲೆಕ್ಕ ಅಂದೇ ಮುಗಿಯಿತು, ಹೂಳು ಕಾಯುವ ಲೆಕ್ಕ ನಮ್ಮ ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ.

ಬಳ್ಳಾರಿಯಲ್ಲಿ ಬೇರೆಯೇ ಕಥೆ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಅಕ್ರಮವನ್ನು ಬಯಲಿಗೆ ಎಳೆಯಿತು. 2010ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರು ರಫ್ತು ತಡೆಯಿತು, ಮರುವರ್ಷ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಿತು. ಘಾಟಿ ರಸ್ತೆ ಉಸಿರಾಡಿತು. ಆದರೆ ಸಾಲ ಮಾಡಿ ಲಾರಿ ತೆಗೆದವನ ಕಂತು ನಿಲ್ಲಲಿಲ್ಲ. ಗುಡ್ಡ ಅಗೆದು ಕೋಟಿ ಮಾಡಿದವರಿಗೂ, ಟ್ರಿಪ್ ಲೆಕ್ಕದಲ್ಲಿ ಬಾಡಿಗೆಗೆ ಓಡಿದವನಿಗೂ ಆ ಆದೇಶ ಒಂದೇ ದಿನ ಬಂತು. ಕೋಟಿ ಇದ್ದವರು ತಡಕೊಂಡರು, ಲಾರಿಯವನು ತಡಕೊಳ್ಳಲಿಲ್ಲ. ಪರಿಸರ ಉಳಿಸುವ ಮಾತನ್ನು ಬಡವರು ಅನುಮಾನದಿಂದ ನೋಡುವುದು ಇದಕ್ಕೇ.

ಹಾಗಾದರೆ ‘ಹೊಟ್ಟೆಪಾಡು ಮುಖ್ಯ, ಪರಿಸರ ಆಮೇಲೆ’ ಎನ್ನಬಹುದಾ? ಅದೂ ಆಗುವುದಿಲ್ಲ. ಎಲ್ಲೂರಿನ ಸುತ್ತಲಿನವರು ಹಾರುಬೂದಿಯ, ಬೆಳೆಯ ಮೇಲೆ ಬೀಳುವ ಉಪ್ಪಿನಂಶದ ಬಗ್ಗೆ ವರ್ಷಗಟ್ಟಲೆ ದೂರು ಹೇಳಿದರು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 50 ಕೋಟಿ ರೂಪಾಯಿಗೂ ಮಿಕ್ಕಿ ಪರಿಹಾರ ವಿಧಿಸಿತ್ತು. ಅಲ್ಲಿ ದೂರು ಹೇಳಿದವರಿಗೂ ಹೊಟ್ಟೆಪಾಡೇ ಮುಖ್ಯವಾಗಿತ್ತು, ಅವರದ್ದು ಗದ್ದೆ-ತೋಟದ ಹೊಟ್ಟೆಪಾಡು. ಹೊಗೆಯಿಂದ ಬದುಕುವವನೂ ಬಡವನೇ, ಹೊಗೆಯಿಂದ ಕೆಡುವವನೂ ಬಡವನೇ. ಅವರಿಬ್ಬರನ್ನು ಎದುರುಬದುರು ನಿಲ್ಲಿಸಿ ಲಾಭ ಮಾಡಿದವರು ಹಿಂದೆ ಸರಿಯುತ್ತಾರೆ.

ದೇಶ-ದೇಶಗಳ ನಡುವೆಯೂ ಇದೇ ತಕರಾರು. 2026ರ ಜನವರಿಯಿಂದ ಯುರೋಪ್ ತನ್ನ ಗಡಿಯಲ್ಲಿ ಇಂಗಾಲದ ಲೆಕ್ಕ ಕೇಳುತ್ತಿದೆ. ಹೊರಗಿನಿಂದ ಬರುವ ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರದ ಮೇಲೆ ಇಂಗಾಲದ ಬೆಲೆ ಬೀಳುತ್ತದೆ. ಅದಿರಿನ ಉಂಡೆ, ಅಂದರೆ ಪಣಂಬೂರಿನಲ್ಲಿ ತಯಾರಾಗುತ್ತಾ ಬಂದ ಪೆಲೆಟ್ ಕೂಡ ಆ ಪಟ್ಟಿಯಲ್ಲಿದೆ. ಭಾರತ ಇದು ಅನ್ಯಾಯ ಎನ್ನುತ್ತಿದೆ. ಅದರಲ್ಲಿ ಹುರುಳಿದೆ. ನಮ್ಮಲ್ಲಿ ಒಬ್ಬನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬಂದರೆ, ಅಮೆರಿಕದಲ್ಲಿ ಅದರ ಏಳು ಪಟ್ಟು. ನೂರೈವತ್ತು ವರ್ಷ ಸುಟ್ಟು ಶ್ರೀಮಂತರಾದವರು ಈಗ ನಮ್ಮ ಬಳಿ ಬಿಲ್ ಕೇಳುವುದು ಸರಿಯಾ? ಆದರೆ ಅದೇ ಪ್ರಶ್ನೆಯನ್ನು ನಾವು ನಮ್ಮೊಳಗೂ ಕೇಳಬೇಕು. ನಮ್ಮ ದೇಶದ ಆ 2 ಟನ್ ಸರಾಸರಿಯೊಳಗೆ ಪ್ರತಿ ಕೋಣೆಗೆ ಎ.ಸಿ. ಹಾಕಿದ ಮನೆಯೂ ಇದೆ, ಒಂದು ಫ್ಯಾನು, ಎರಡು ಬಲ್ಬಿನ ಮನೆಯೂ ಇದೆ.

ನಮ್ಮ ದೀನ್ ಭೂಮಿಯನ್ನು ಅಮಾನತ್ ಎನ್ನುತ್ತದೆ. ಅಮಾನತ್ ಇಟ್ಟುಕೊಂಡವನು ಬಾಡಿಗೆ ಕೊಟ್ಟೆ ಎಂದು ಹೇಳಿ ಅದನ್ನು ಕೆಡಿಸುವ ಹಾಗಿಲ್ಲ. ಇಂಗಾಲದ ಬೆಲೆಗೂ ಇದೇ ಮಾತು. ಹಣ ಕಟ್ಟಿದೆ, ಇನ್ನು ಎಷ್ಟು ಬೇಕಾದರೂ ಸುಡುತ್ತೇನೆ ಎನ್ನುವವನಿಗೆ ಅದು ಕೆಡಿಸುವ ಪರವಾನಿಗೆ ಆಗಬಾರದು. ಬೆಲೆ ಸುಡುವುದನ್ನು ಕಡಿಮೆ ಮಾಡಿಸಬೇಕು, ಬಂದ ಹಣ ಕೆಟ್ಟದ್ದನ್ನು ಸರಿಪಡಿಸಬೇಕು, ಕೆಲಸ ಕಳಕೊಂಡವನ ಕೈ ಹಿಡಿಯಬೇಕು. ಈ ಮೂರೂ ಇಲ್ಲದಿದ್ದರೆ ಅದು ಬರೀ ವಸೂಲಿ.

ನಾವು ಎಂತ ಮಾಡಬಹುದು? 2015ರ ಕಾನೂನಿನಂತೆ ಗಣಿಗಾರಿಕೆಯಿಂದ ಬಾಧಿತವಾದ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು. ದೊಡ್ಡ ಗಣಿಗಳು ರಾಜಧನದ ಜೊತೆಗೆ ಅದರ ಶೇ. 10 ಅಥವಾ ಶೇ. 30ರಷ್ಟು ಹಣವನ್ನು ಇದಕ್ಕೆ ಕೊಡಬೇಕು. ಆ ಹಣ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆಂದೇ ಇರುವುದು. ನಮ್ಮ ಊರಿನ ಪಾಲು ಎಷ್ಟು, ಯಾವ ಕೆಲಸಕ್ಕೆ ಹೋಯಿತು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲು ಕಲಿತ ಮಕ್ಕಳು ಪ್ರತಿ ಜಮಾಅತ್‌ನಲ್ಲಿಯೂ ಇದ್ದಾರೆ, ಅವರಿಂದ ಒಂದು ಅರ್ಜಿ ಬರೆಸಿ. ಹೊಸ ಗಣಿಗೋ, ಕಾರ್ಖಾನೆಗೋ ಸಾರ್ವಜನಿಕ ಅಹವಾಲು ಕರೆದಾಗ ‘ಯಾರಾದರೂ ಹೋಗುತ್ತಾರೆ’ ಎಂದು ಮನೆಯಲ್ಲಿ ಕೂರಬೇಡಿ. ಅಲ್ಲಿ ನಾವು ಹೇಳಿದ ಮಾತು ದಾಖಲೆಯಲ್ಲಿ ಉಳಿಯುತ್ತದೆ. ಹೇಳದ ಮಾತು ಯಾವ ಕೋರ್ಟಿಗೂ ಹೋಗಿ ಮುಟ್ಟುವುದಿಲ್ಲ.