ಮಾಸಾಶನಕ್ಕೂ ಸಂದರ್ಶನಕ್ಕೂ ನಡುವಣ ಶೇಕಡಾ ನಲವತ್ತು

ಕಾರ್ಖಾನೆಯ ಕೆಲಸದಲ್ಲಿ ಕೈಯನ್ನೋ ಕಾಲನ್ನೋ ಕಳೆದುಕೊಂಡ ಕಾರ್ಮಿಕನಿಗೆ ಮಾಲೀಕನು ತೆರಬೇಕಾದ ಪರಿಹಾರವನ್ನು ಗೊತ್ತುಪಡಿಸಲೆಂದು ಬ್ರಿಟಿಷ್ ಇಂಡಿಯಾದ ಶಾಸನಸಭೆ 1923ರಲ್ಲಿ ಅಂಗೀಕರಿಸಿ, 1924ರ ಜುಲೈ 1ರಿಂದ ಜಾರಿಗೆ ಬಂದ ಕಾಯಿದೆಯ ಕೊನೆಯಲ್ಲಿ ಒಂದು ಅನುಸೂಚಿಯುಂಟು. ಮನುಷ್ಯಶರೀರದ ಅವಯವಗಳನ್ನು ಒಂದೊಂದಾಗಿ ಹೆಸರಿಸುತ್ತ, ಯಾವುದು ನಷ್ಟವಾದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ ಎಷ್ಟು ಪಾಲು ಕುಂದಿತೆಂದು ಭಾವಿಸಬೇಕೆಂಬುದನ್ನು ಅದು ಅಂಕಿಗಳಲ್ಲಿ ನಿರ್ಣಯಿಸುತ್ತದೆ. ಕಾಲಕಾಲಕ್ಕೆ ತಿದ್ದುಪಡಿ ಹೊಂದಿದ ಆ ಪಟ್ಟಿಯಂತೆ ಹೆಬ್ಬೆರಳು ಹೋದರೆ 30. ಒಂದು ಕೈಯ ಎರಡು ಬೆರಳು ಹೋದರೆ 20, ಮೂರು ಹೋದರೆ 30, ನಾಲ್ಕು ಹೋದರೆ 50. ಇನ್ನೊಂದು ಕಣ್ಣು ಸ್ವಸ್ಥವಾಗಿದ್ದು ಒಂದು ಕಣ್ಣನ್ನು ಕಳೆದುಕೊಂಡರೆ 40.

ಅದೇ ಒಂದು ಕಣ್ಣನ್ನು 1986ರ ಆಗಸ್ಟ್ 6ರಂದು ಕೇಂದ್ರ ಸರ್ಕಾರ ಹೊರಡಿಸಿದ ಅಂಗವೈಕಲ್ಯದ ವ್ಯಾಖ್ಯೆಗಳು ಶೇಕಡಾ 30 ಎಂದು ಎಣಿಸಿದುವು. ಮತ್ತು ಯಾವ ಸೌಲಭ್ಯಕ್ಕೇ ಆಗಲಿ ಕನಿಷ್ಠ ಪ್ರಮಾಣ ಶೇಕಡಾ 40 ಇರತಕ್ಕದ್ದೆಂದು ಅದರೊಡನೆಯೇ ವಿಧಿಸಿದುವು. ಒಂದೇ ದೇಹದ ಒಂದೇ ನಷ್ಟ ಒಂದು ಶಾಸನದ ಮುಂದೆ ನಲವತ್ತಾಗಿ, ಇನ್ನೊಂದು ಆದೇಶದ ಮುಂದೆ ಮೂವತ್ತಾಗಿ ನಿಂತಿತು. ಈ ಎರಡು ಕಾಗದಗಳನ್ನು ಅಕ್ಕಪಕ್ಕದಲ್ಲಿರಿಸಿ ಓದಿದಂದಿನಿಂದ ಕಡೂರು, ತರೀಕೆರೆ, ಅಜ್ಜಂಪುರಗಳ ಹಳ್ಳಿಗಳಲ್ಲಿ ಮಾಸಾಶನವನ್ನು ನೆಚ್ಚಿ ಬದುಕುತ್ತ, ಉದ್ಯೋಗಕ್ಕಾಗಿ ಅರ್ಜಿಯ ಮೇಲೆ ಅರ್ಜಿ ಹಾಕುತ್ತಿರುವ ತರುಣ ತರುಣಿಯರ ಕೈಯಲ್ಲಿನ ಪ್ರಮಾಣಪತ್ರವನ್ನು ನಾನು ಬೇರೆಯೇ ರೀತಿಯಲ್ಲಿ ನೋಡತೊಡಗಿದ್ದೇನೆ. ನಾಡಕಚೇರಿಯ ಕಿಟಕಿಯಲ್ಲಿ ಆ ಅಂಕಿ ಹೆಚ್ಚಿದ್ದಷ್ಟೂ ಲೇಸು. ಸಂದರ್ಶನದ ಮೇಜಿನ ಮುಂದೆ ಅದು ಹೆಚ್ಚಿದ್ದಷ್ಟೂ ಕೇಡು. ಎರಡು ಕಡೆಗೂ ಒಯ್ಯಬೇಕಾದುದು ಒಂದೇ ಹಾಳೆ.

1923ರ ಆ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದು. ಆಗ ಕಡೂರು ಜಿಲ್ಲೆಯೆಂದೇ ಕರೆಯಲ್ಪಡುತ್ತಿದ್ದ ನಮ್ಮ ಸೀಮೆ ಮೈಸೂರು ಸಂಸ್ಥಾನದ್ದು. ಆದರೆ ಯಂತ್ರಗಳ ಯುಗ ನಮ್ಮ ಬಾಗಿಲಿಗೂ ಅದೇ ವರ್ಷವೇ ಬಂದಿತು. ತರೀಕೆರೆಗೆ ಸಮೀಪದ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಉರಿಯತೊಡಗಿದ್ದು 1923ರಲ್ಲಿ. ಅದಕ್ಕೆ ಅದಿರು ಬರುತ್ತಿದ್ದುದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಬೆಟ್ಟಗಳಿಂದ. ಅಂಗನಷ್ಟವನ್ನು ಅಂಕಿಗೆ ಇಳಿಸುವ ಆಲೋಚನೆ ಹುಟ್ಟಿದ್ದು ಇಂಥ ಕುಲುಮೆ, ಗಣಿ, ರೈಲುಗಳ ನಡುವೆಯೇ. ಅಲ್ಲಿ ಅದಕ್ಕೊಂದು ನ್ಯಾಯವಿತ್ತು: ನಷ್ಟವಾಗಿದೆ, ಬೆಲೆ ಕಟ್ಟಬೇಕು, ಮಾಲೀಕನಿಂದ ಕೊಡಿಸಬೇಕು. ಅಮೆರಿಕದ ಒಕ್ಲಹೋಮಾ ನಗರದ ಮೂಳೆಶಸ್ತ್ರವೈದ್ಯ ಅರ್ಲ್ ಮ್ಯಾಕ್‌ಬ್ರೈಡ್ 1936ರಲ್ಲಿ ಅಂಗವೈಕಲ್ಯದ ಮಾಪನವನ್ನು ಕುರಿತು ಬರೆದ ಗ್ರಂಥವೂ ಕಾರ್ಮಿಕ ಪರಿಹಾರದ ವ್ಯಾಜ್ಯಗಳಿಗೆ ನೆರವಾಗಲೆಂದೇ ಹುಟ್ಟಿತು. ಕಳೆದುಹೋದುದರ ಲೆಕ್ಕ ಮಾಡಲೆಂದು ಹುಟ್ಟಿದ ಅಳತೆಗೋಲು, ಉಳಿದಿರುವುದರಿಂದ ಏನು ಸಾಧ್ಯವೆಂಬ ಪ್ರಶ್ನೆ ಬಂದಾಗಲೂ ಕೈಯಲ್ಲಿ ಅದೇ ಉಳಿದುಬಿಟ್ಟಿತು ಎಂಬುದೇ ನನ್ನನ್ನು ಬಾಧಿಸುವ ವಿಷಯ.

ಬೇರೆಯ ಹಾದಿಯೂ ಇದ್ದಿತು. 1943ರಲ್ಲಿ ಡೆಹ್ರಾಡೂನಿನಲ್ಲಿ, ಎರಡನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಭಾರತೀಯ ಸೈನಿಕರಿಗಾಗಿ ಸೇಂಟ್ ಡನ್‌ಸ್ಟನ್ ಹೆಸರಿನ ನಿಲಯವೊಂದು ತೆರೆಯಿತು. ಅದನ್ನು ನಡೆಸಿದವರು ನ್ಯೂಜಿಲೆಂಡಿನ ಸರ್ ಕ್ಲೂಥಾ ಮೆಕೆಂಜಿ. ಮೊದಲನೆಯ ಮಹಾಯುದ್ಧದಲ್ಲಿ ಗಲಿಪೊಲಿಯ ರಣರಂಗದಲ್ಲಿ ತಮ್ಮ ಎರಡು ಕಣ್ಣುಗಳನ್ನೂ ಕಳೆದುಕೊಂಡವರು. ಈ ಇಡೀ ವೃತ್ತಾಂತದಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಈ ಮಹನೀಯರ ಬಳಿಯಲ್ಲಿ. ಕಣ್ಣಿಲ್ಲದ ಸೈನಿಕನ ಮುಂದೆ ಕಣ್ಣಿಲ್ಲದ ಮೇಲ್ವಿಚಾರಕನೊಬ್ಬ ಕುಳಿತಾಗ, ನಷ್ಟದ ಪ್ರಮಾಣವೆಷ್ಟೆಂದು ವಿಚಾರಿಸುವ ಪ್ರಸಂಗವೇ ಬಾರದು. ಏನನ್ನು ಕಲಿಯುವೆ ಎಂಬುದೊಂದೇ ಅಲ್ಲಿ ಉಳಿಯುವ ಪ್ರಶ್ನೆ. ಸ್ವಾತಂತ್ರ್ಯಾನಂತರ 1950ರಲ್ಲಿ ಅದೇ ಊರಿನಲ್ಲಿ ವಯಸ್ಕ ಅಂಧರ ತರಬೇತಿ ಕೇಂದ್ರ ಸ್ಥಾಪಿತವಾಯಿತು.

ಯುದ್ಧದ ಇನ್ನೊಂದು ಫಲ ಉದ್ಯೋಗ ವಿನಿಮಯ ಕೇಂದ್ರ. ಸೇನೆಯಿಂದ ಬಿಡುಗಡೆಯಾಗಿ ಬಂದವರಿಗೆ ಕೆಲಸ ಒದಗಿಸಲೆಂದು 1945ರಲ್ಲಿ ಆರಂಭವಾದ ಈ ವ್ಯವಸ್ಥೆ ಕ್ರಮೇಣ ಎಲ್ಲ ನಿರುದ್ಯೋಗಿಗಳಿಗೂ ತೆರೆಯಿತು. ಅಂಗವಿಕಲರಿಗೆಂದೇ ಮೀಸಲಾದ ಮೊದಲ ವಿಶೇಷ ಕೇಂದ್ರ 1959ರಲ್ಲಿ ಮುಂಬಯಿಯಲ್ಲಿ ಬಾಗಿಲು ತೆರೆಯಿತು. ಅದೇ 1959ರಲ್ಲಿ ಬೆಂಗಳೂರಿನಲ್ಲಿ, ಸ್ವತಃ ಅಂಗವೈಕಲ್ಯವಿದ್ದ ಎನ್.ಎಸ್. ಹೇಮಾ ಅವರು ಇಂದು ಎಪಿಡಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಸಂಸ್ಥೆಯನ್ನು ಕಟ್ಟಿದರು. 1977ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ತನ್ನ ಸಿ ಮತ್ತು ಡಿ ದರ್ಜೆಯ ಹುದ್ದೆಗಳಲ್ಲಿ ಮಾತ್ರ ನೂರಕ್ಕೆ ಮೂರನ್ನು ಮೀಸಲಿಟ್ಟಿತು. ಅಂಗವಿಕಲರ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಲಾದ 1981ರಲ್ಲಿ, ವೈಕಲ್ಯದ ಪ್ರಮಾಣವನ್ನು ಅಳೆಯುವ ಕೈಪಿಡಿಯೊಂದು ವೈದ್ಯರಿಗಾಗಿ ಸಿದ್ಧವಾಯಿತು. ಅನಂತರ ಬಂದುದೇ 1986ರ ಆದೇಶ. ಅದು ದೃಷ್ಟಿದೋಷವನ್ನು ವಿಂಗಡಿಸಿದ್ದು 20, 40, 75, 100 ಎಂಬ ಮೆಟ್ಟಿಲುಗಳಲ್ಲಿ. ನಮ್ಮ ರಾಜ್ಯದ ಮಾಸಾಶನದ ನಿಯಮದಲ್ಲಿ ಇಂದಿಗೂ ಕಾಣಿಸಿಕೊಳ್ಳುವ 40 ಮತ್ತು 75 ಎಂಬ ಎರಡು ಗೆರೆಗಳೂ ಆ ಮೆಟ್ಟಿಲುಗಳೇ.

ಉದ್ಯೋಗದ ಕಡೆಯಲ್ಲಿ ಇದೇ ಅವಧಿಯಲ್ಲಿ ಬೆಳೆದದ್ದು ಗುರುತಿಸಿದ ಹುದ್ದೆಗಳ ಪಟ್ಟಿ. ಯಾವ ವೈಕಲ್ಯದವರು ಯಾವ ಹುದ್ದೆಗೆ ಯೋಗ್ಯರೆಂದು ಸರ್ಕಾರ ಮುಂಚಿತವಾಗಿಯೇ ನಿರ್ಣಯಿಸಿಡುವ ಈ ಪಟ್ಟಿಯಲ್ಲಿ ಪ್ರತಿಯೊಂದು ಹುದ್ದೆಯ ಎದುರಿಗೂ ಅಕ್ಷರಗಳ ಸಾಲೊಂದಿರುತ್ತದೆ. ಎಸ್ ಎಂದರೆ ಕುಳಿತು ಮಾಡುವ ಕೆಲಸ, ಎಸ್‌ಟಿ ಎಂದರೆ ನಿಂತು ಮಾಡುವುದು, ಡಬ್ಲ್ಯು ನಡೆದಾಡುವುದು, ಬಿಎನ್ ಬಗ್ಗುವುದು, ಎಲ್ ಎತ್ತುವುದು, ಎಂಎಫ್ ಬೆರಳುಗಳಿಂದ ಮಾಡುವುದು, ಎಸ್‌ಇ ನೋಡುವುದು, ಎಚ್ ಕೇಳುವುದು. ಅದರ ಪಕ್ಕದಲ್ಲಿ ಒಎಲ್ ಎಂದರೆ ಒಂದು ಕಾಲು, ಬಿಎಲ್ ಎಂದರೆ ಎರಡು ಕಾಲು, ಒಎ ಎಂದರೆ ಒಂದು ಕೈ. ನೇಮಕಾತಿಯ ಪ್ರಕಟಣೆಯನ್ನು ಓದುವ ನಮ್ಮ ಕಡೆಯ ಹುಡುಗರು ವಿದ್ಯಾರ್ಹತೆಯನ್ನೂ ವೇತನವನ್ನೂ ಬಿಟ್ಟು ಮೊದಲು ಈ ಅಕ್ಷರಗಳ ಮೇಲೆಯೇ ಬೆರಳಿಟ್ಟು ಹುಡುಕುತ್ತಾರೆ. ಬಿಎಲ್ ಎಂಬುದು ಅಲ್ಲಿ ಇಲ್ಲದಿದ್ದರೆ ಪದವಿಯೂ ಅಂಕಗಳೂ ಇದ್ದು ಪ್ರಯೋಜನವಿಲ್ಲ. ಪಟ್ಟಿ ಹಿಗ್ಗುತ್ತ ಬಂದಿರುವುದು ನಿಜ. 2021ರ ಜನವರಿ 4ರ ಕೇಂದ್ರ ಅಧಿಸೂಚನೆಯಲ್ಲಿ 3,566 ಹುದ್ದೆಗಳಿವೆ. ಆದರೂ ಮನುಷ್ಯನನ್ನು ಕಾಣುವ ಮೊದಲೇ ಅವನ ಅಸಾಧ್ಯಗಳನ್ನು ಬರೆದಿಡುವ ಕ್ರಮ ಬದಲಾಗಿಲ್ಲ.

ಅಜ್ಜಂಪುರದ ಕಡೆಯ ಒಬ್ಬ ತರುಣನ ವಿಷಯ ಹೇಳಬೇಕು. ಎಳವೆಯಲ್ಲಿಯೇ ಪೋಲಿಯೋಗೆ ತುತ್ತಾದ ಬಲಗಾಲು, ಬಿ.ಕಾಂ. ಮುಗಿದಿದೆ, ಟ್ಯಾಲಿ ಬರುತ್ತದೆ. ಲೆಕ್ಕ ಬರೆಯುವ ಕೆಲಸಕ್ಕೆಂದು ಖಾಸಗಿ ಕಚೇರಿಯೊಂದರ ಸಂದರ್ಶನಕ್ಕೆ ಹೋಗಿದ್ದ. ಕಚೇರಿ ಮೊದಲನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಗೋಡೆಯನ್ನು ಹಿಡಿದು ಹತ್ತಿ, ಅಂಗಿಯ ತೋಳಿಗೆ ಹತ್ತಿದ ಸುಣ್ಣವನ್ನು ಒರೆಸಿಕೊಂಡು ಒಳಗೆ ಹೋಗಿ ಕುಳಿತವನನ್ನು ಅಲ್ಲಿನ ಹಿರಿಯರು ಕೇಳಿದ ಮೊದಲ ಪ್ರಶ್ನೆ: “ದಿನಾ ಮೆಟ್ಲು ಹತ್ತಕ್ಕಾಗುತ್ತೇನಪ್ಪ?”

“ಹತ್ಕೊಂಡೇ ಬಂದೆ ಸಾರ್.”

“ಪೆನ್ಷನ್ ಬರುತ್ತಲ್ವಾ?”

“ಬರುತ್ತೆ ಸಾರ್, ಎಂಟುನೂರು.”

“ಮತ್ತೆ ಯಾಕಪ್ಪ ಇಷ್ಟು ದೂರ ಒದ್ದಾಡ್ಕೊಂಡು...”

ಲೆಕ್ಕದ ಬಗೆಗೆ ಒಂದು ಪ್ರಶ್ನೆಯೂ ಬರಲಿಲ್ಲ. ಆ ಹಿರಿಯರು ದುಷ್ಟರಲ್ಲ. ಕನಿಕರದಿಂದಲೇ ಮಾತನಾಡಿದರೆಂದು ಆತನೇ ಹೇಳಿದ. ಆದರೆ ತಿಂಗಳಿಗೆ ಎಂಟುನೂರು ರೂಪಾಯಿ ಒಬ್ಬನ ಬದುಕಿಗೆ ಸಾಕೆಂಬ ಭಾವನೆಯೂ, ಅದು ಬರುತ್ತಿರುವವನಿಗೆ ದುಡಿಮೆಯ ಹಕ್ಕು ಅಷ್ಟೇನೂ ತುರ್ತಲ್ಲವೆಂಬ ಭಾವನೆಯೂ ಆ ಕನಿಕರದ ಒಳಗೇ ಅಡಗಿದ್ದುವು. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿದ್ದನ್ನು ನಮ್ಮ ಹುಡುಗರು ಮನಸಾರೆ ಸ್ವಾಗತಿಸಿದ್ದಕ್ಕೆ ಕಾರಣ ಇದೇ. ಲಿಖಿತ ಪರೀಕ್ಷೆಯ ಉತ್ತರಪತ್ರಿಕೆ ಕುಂಟುವುದಿಲ್ಲ.

ಈಗ ಮಾಸಾಶನದ ಲೆಕ್ಕವನ್ನು ನೋಡೋಣ. ಹಿಂದೆ ಅಂಚೆಯಣ್ಣ ಮನಿಯಾರ್ಡರಿನಲ್ಲಿ ತಂದು ಕೈಗಿತ್ತು, ಹೆಬ್ಬೆಟ್ಟೊತ್ತಿಸಿಕೊಂಡು, ಜಗಲಿಯ ಮೇಲೆ ಕುಳಿತು ನಾಲ್ಕು ಮಾತನಾಡಿ ಹೋಗುತ್ತಿದ್ದ ಹಣ ಈಗ ಬ್ಯಾಂಕಿನ ಖಾತೆಗೆ ಬೀಳುತ್ತದೆ. ಈಚಿನ ವರ್ಷಗಳ ದರದಂತೆ ಶೇಕಡಾ 40ರಿಂದ 75ರವರೆಗಿನವರಿಗೆ 800, ಅದಕ್ಕೆ ಮೇಲ್ಪಟ್ಟವರಿಗೆ 1,400 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿಯ ಒಳಗಿರಬೇಕೆಂಬುದು ನಿಯಮ. ಭಾಗಿಸಿದರೆ ತಿಂಗಳಿಗೆ 2,700 ರೂಪಾಯಿಯೂ ಆಗದು. ಬಟ್ಟೆಯಂಗಡಿಯಲ್ಲಿಯೋ ಅಡಿಕೆ ಮಂಡಿಯಲ್ಲಿಯೋ ತಿಂಗಳಿಗೆ 3,000 ಕೊಡುವ ಅರೆಹೊತ್ತಿನ ಕೆಲಸವೊಂದು ದೊರೆತರೂ ವರ್ಷಕ್ಕೆ 36,000 ಆಗಿ ಗೆರೆ ದಾಟುತ್ತದೆ. ಕೆಲಸ ಆರು ತಿಂಗಳಿಗೆ ಹೋದರೆ? ಹೊಸದಾಗಿ ಅರ್ಜಿ, ಹೊಸದಾಗಿ ಆದಾಯದ ದೃಢೀಕರಣ, ಹೊಸದಾಗಿ ಕಾಯುವಿಕೆ. ಮನೆಯ ಹಿರಿಯರು “ಇರೋದನ್ನ ಕಳ್ಕೋಬೇಡ ಮಗ” ಎಂದರೆ ಅದನ್ನು ಹೇಡಿತನವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಬೆಂಗಳೂರಿನ ಸಂದರ್ಶನಕ್ಕೆ ಹೋಗುವುದೂ ಒಂದು ಪ್ರಕರಣವೇ. ಸಾರಿಗೆ ಸಂಸ್ಥೆಯ ವಿಕಲಚೇತನರ ರಿಯಾಯಿತಿ ಪಾಸು ನಡೆಯುವುದು 100 ಕಿಲೋಮೀಟರಿನ ಒಳಗೆ. ಚಿಕ್ಕಮಗಳೂರಿಗೆ ಸಾಕು, ಬೆಂಗಳೂರಿಗೆ ಸಾಲದು. ಆದುದರಿಂದ ಬೀರೂರಿನಲ್ಲಿಯೋ ಕಡೂರಿನಲ್ಲಿಯೋ ರೈಲು ಹತ್ತಬೇಕು. ಸ್ಲೀಪರ್ ದರ್ಜೆಯಲ್ಲಿ ಮುಕ್ಕಾಲುಪಾಲು ರಿಯಾಯಿತಿಯೂ ಉಂಟು, ಜೊತೆಗೆ ಬರುವವರಿಗೂ ಉಂಟು. ಆದರೆ ಕೈಕಾಲಿನ ವೈಕಲ್ಯವುಳ್ಳವರಿಗೆ ಅದು ದೊರೆಯಬೇಕಾದರೆ, ಇನ್ನೊಬ್ಬರ ಸಹಾಯವಿಲ್ಲದೆ ಈತ ಪ್ರಯಾಣ ಮಾಡಲಾರನೆಂದು ವೈದ್ಯರು ಬರೆದುಕೊಟ್ಟಿರಬೇಕು. ತಾನು ಸ್ವತಂತ್ರವಾಗಿ ಓಡಾಡಿ ದುಡಿಯಬಲ್ಲೆನೆಂದು ಮನವರಿಕೆ ಮಾಡಿಕೊಡಲು ಹೊರಟ ಅಭ್ಯರ್ಥಿಯ ಜೇಬಿನಲ್ಲಿ, ಒಬ್ಬನೇ ಪ್ರಯಾಣ ಮಾಡಲಾರೆನೆಂಬ ಪತ್ರವಿರುತ್ತದೆ. ಇಂಥದನ್ನು ಬೇಕೆಂದು ಯಾರೂ ರಚಿಸಲಿಲ್ಲ. ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಕಾಲದಲ್ಲಿ ಸದುದ್ದೇಶದಿಂದಲೇ ಮಾಡಿದ ನಿಯಮಗಳು ಒಬ್ಬ ಹುಡುಗನ ಜೇಬಿನಲ್ಲಿ ಬಂದು ಸೇರಿವೆ.

ಸಂದರ್ಶನವೇ ಬೇಕಿಲ್ಲದ ಕಾಲವೊಂದಿತ್ತು. ಅದನ್ನು ನೆನೆದರೆ ನನಗೆ ವ್ಯಥೆಯಾಗುತ್ತದೆ. ದೂರಸಂಪರ್ಕ ಇಲಾಖೆ ಎಸ್‌ಟಿಡಿ ಬೂತುಗಳ ಹಂಚಿಕೆಯಲ್ಲಿ ಅಂಗವಿಕಲರಿಗೆ ಆದ್ಯತೆಯಿತ್ತ ದಿನಗಳಲ್ಲಿ, ಬಸ್ ನಿಲ್ದಾಣದ ಬಳಿಯ ಹಳದಿ ಬಣ್ಣದ ಪುಟ್ಟ ಗೂಡಿನೊಳಗೆ, ಊರುಗೋಲನ್ನು ಮೂಲೆಗಿಟ್ಟು, ಮಿನುಗುವ ಕೆಂಪು ಅಂಕಿಗಳ ಯಂತ್ರದಿಂದ ಬಿಲ್ಲು ಹರಿದುಕೊಡುತ್ತ ಕುಳಿತಿರುತ್ತಿದ್ದವರನ್ನು ಈ ಭಾಗದ ನಡುವಯಸ್ಸಿನವರೆಲ್ಲ ಕಂಡಿದ್ದಾರೆ. ದೂರದಲ್ಲಿದ್ದ ಮಗನಿಗೆ ಮಾತನಾಡಬೇಕಾದವರು, ಈರುಳ್ಳಿಯ ಧಾರಣೆ ತಿಳಿಯಬೇಕಾದವರು, ಸಾವಿನ ಸುದ್ದಿ ಮುಟ್ಟಿಸಬೇಕಾದವರು, ಎಲ್ಲರೂ ಅವರ ಬಳಿಗೇ ಬರಬೇಕಾಗಿತ್ತು. ಅವರ ಶೇಕಡಾ ಎಷ್ಟೆಂದು ಯಾರೂ ಕೇಳಲಿಲ್ಲ. ಜನರ ಕೈಗೆ ಮೊಬೈಲ್ ಬಂದಿತು, ಗೂಡುಗಳು ಖಾಲಿಯಾದುವು. ಯಂತ್ರ ಹೋದುದಕ್ಕೆ ನಾನು ದುಃಖಿಸುತ್ತಿಲ್ಲ. ಅದು ಹೋಗುವುದೆಂದು ತಿಳಿದಮೇಲೂ ಅದರ ಹಿಂದೆ ಕುಳಿತವರಿಗೆ ಇನ್ನೊಂದು ಕುರ್ಚಿಯನ್ನು ಸಿದ್ಧಪಡಿಸದೆ ಹೋದೆವಲ್ಲ, ಅದು ಕ್ಷಮ್ಯವಲ್ಲ.

ಆ ಬಳಿಕ ನಮ್ಮ ರಾಜ್ಯ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಇಲ್ಲಿ ಗೌರವದಿಂದ ಹೇಳಬೇಕು. 2007–08ರಲ್ಲಿ ಆರಂಭವಾದ ಗ್ರಾಮೀಣ ಪುನರ್ವಸತಿ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗೊಬ್ಬರಂತೆ, ಸ್ವತಃ ವಿಕಲಚೇತನರಾದವರನ್ನೇ ಗೌರವಧನದ ಮೇಲೆ ನೇಮಿಸಲಾಯಿತು. ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೊಬ್ಬರು. ಹಳ್ಳಿಯ ಯಾವ ಮನೆಯ ಒಳಕೋಣೆಯಲ್ಲಿ ಯಾರಿದ್ದಾರೆಂದು ಹುಡುಕಿ, ಪ್ರಮಾಣಪತ್ರ, ಮಾಸಾಶನ, ಬಸ್ ಪಾಸುಗಳನ್ನು ಮಾಡಿಸಿಕೊಡುವುದು ಅವರ ಕೆಲಸ. ಮೆಕೆಂಜಿಯವರ ನಿಲಯದಲ್ಲಿದ್ದ ತತ್ತ್ವ ಇದೇ ಎಂದು ನನಗೆ ತೋರುತ್ತದೆ: ಕಷ್ಟವನ್ನು ಬಲ್ಲವನೇ ಎದುರಿಗೆ ಕುಳಿತು ಅರ್ಜಿ ಬರೆಯುವುದು. ಗೌರವಧನವೆಂಬ ಹೆಸರಿನಲ್ಲಿಯೇ ಅವರನ್ನು ಇಷ್ಟು ವರ್ಷ ಇರಿಸಿಕೊಂಡು, ಕಾಯಂ ನೌಕರಿಯ ಅವರ ಬೇಡಿಕೆಯನ್ನು ಮುಂದಕ್ಕೆ ತಳ್ಳುತ್ತ ಬಂದಿರುವುದು ಮಾತ್ರ ಆ ಒಳ್ಳೆಯ ಕೆಲಸಕ್ಕೆ ತಕ್ಕುದಲ್ಲ.

ಕಾನೂನು ಹಿಂದೆ ಬಿದ್ದಿದೆಯೆಂದು ಹೇಳುವಂತಿಲ್ಲ. ಅಂಗವಿಕಲರ ಹಕ್ಕುಗಳಿಗಾಗಿ ಜಾವೇದ್ ಆಬಿದಿ ಮೊದಲಾದವರು ದೆಹಲಿಯ ಬೀದಿಗಿಳಿದು ನಡೆಸಿದ ಹೋರಾಟದ ಬೆನ್ನಿಗೇ 1995ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಅಧಿನಿಯಮ ಎಲ್ಲ ದರ್ಜೆಗಳಿಗೂ ಮೀಸಲಾತಿಯನ್ನು ವಿಸ್ತರಿಸಿತು. 2016ರ ಅಧಿನಿಯಮ ಏಳು ಬಗೆಯ ವೈಕಲ್ಯವನ್ನು ಇಪ್ಪತ್ತೊಂದಾಗಿಸಿ, ನೂರಕ್ಕೆ ಮೂರರ ಮೀಸಲಾತಿಯನ್ನು ನಾಲ್ಕಾಗಿಸಿತು. ಬಡ್ತಿಯಲ್ಲಿಯೂ ಮೀಸಲಾತಿ ಸಲ್ಲುತ್ತದೆಂದು ಸರ್ವೋಚ್ಚ ನ್ಯಾಯಾಲಯದ ತ್ರಿಸದಸ್ಯ ಪೀಠ 2020ರ ಜನವರಿ 14ರಂದು ಎತ್ತಿಹಿಡಿದದ್ದು ಕರ್ನಾಟಕದ್ದೇ ಆದ ಸಿದ್ದರಾಜು ಪ್ರಕರಣದಲ್ಲಿ.

ಆದರೆ 2016ರ ಅಧಿನಿಯಮದ 24ನೆಯ ಕಲಮನ್ನು ನಮ್ಮವರು ಓದಿಲ್ಲ, ಓದಿದವರು ಕೇಳಿಲ್ಲ. ಇತರರಿಗಿರುವ ಸದೃಶ ಯೋಜನೆಗಳಿಗಿಂತ ವಿಕಲಚೇತನರ ನೆರವು ಕನಿಷ್ಠಪಕ್ಷ ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚಿರತಕ್ಕದ್ದೆಂದು ಅದು ಹೇಳುತ್ತದೆ. ವೃದ್ಧರ ಸಂಧ್ಯಾ ಸುರಕ್ಷಾ ಮಾಸಾಶನ 1,200 ರೂಪಾಯಿಯಾಗಿರುವಲ್ಲಿ ಶೇಕಡಾ 40ರವನಿಗೆ 800 ಹೇಗಾಯಿತೆಂದು ಯಾರಾದರೂ ವಿವರಿಸಬೇಕು. 1,200ಕ್ಕೆ ಇಪ್ಪತ್ತೈದು ಪಾಲು ಸೇರಿಸಿದರೆ ಬರುವ 1,500ನ್ನು ಶೇಕಡಾ 75 ದಾಟಿದವನ ಮಾಸಾಶನವೂ ಮುಟ್ಟುವುದಿಲ್ಲ. ಅದೇ ಕಲಮಿನ ಮೂರನೆಯ ಉಪಕಲಮಿನಲ್ಲಿ, ವಿಶೇಷ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ಎರಡು ವರ್ಷ ಮೀರಿದರೂ ಕೆಲಸ ದೊರೆಯದವರಿಗೆ ನಿರುದ್ಯೋಗ ಭತ್ಯೆಯೆಂಬ ಬಾಬೂ ಇದೆ. 1995ರ ಅಧಿನಿಯಮದಲ್ಲಿಯೂ ಅದು ಇತ್ತು. ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಮಾತಿನ ಮರೆಯಲ್ಲಿ ಎರಡೂ ಅಧಿನಿಯಮಗಳ ಕಾಲ ಸಂದುಹೋಗುತ್ತಿದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಪಂಚಾಯಿತಿ ಪಂಚಾಯಿತಿಗೂ ಒಬ್ಬ ಪುನರ್ವಸತಿ ಕಾರ್ಯಕರ್ತರಿರಬೇಕೆಂಬುದು ಯೋಜನೆ. ನೋಂದಣಿಯ ಚೀಟಿ ಹಿಡಿದು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಕಾದವರ ಹೆಸರುಗಳನ್ನು ಅವರು ಕಲೆಹಾಕಿ, 24ನೆಯ ಕಲಮಿನ ಸಂಖ್ಯೆಯನ್ನು ಮೇಲೆ ಬರೆದು, ಒಂದೇ ಅರ್ಜಿಯಾಗಿ ಜಿಲ್ಲಾಧಿಕಾರಿಗಳಿಗೆ ಸಲ್ಲಿಸಲಿ. ಅದಕ್ಕೆ ಲಿಖಿತವಾದ ಉತ್ತರವನ್ನು ಕೇಳಿ ಪಡೆಯಲಿ.